ಅಂಗಳ ಒಣಗುವ ಹೊತ್ತಿಗೆ ಕುನ್ನಿಮರಿಗಳು

ಭಾದ್ರಪದವೆಂದರೆ ನಾಯಿಗಳ ತಿಂಗಳು ಎಂದು ಘಟ್ಟದ ಮೇಲಿನ ಹಿರಿಯರು ಹೇಳುವುದುಂಟು. ಚೌತಿಯ ಮಳೆಯಲ್ಲಿ ನಾಯಿಗಳು ಹಿಂಡು ಕಟ್ಟಿಕೊಂಡು ಕೇರಿಯಿಂದ ಕೇರಿಗೆ ಅಲೆಯುತ್ತವೆ, ರಾತ್ರಿಯೆಲ್ಲ ಕಚ್ಚಾಡುತ್ತವೆ. ನಾಯಿಯ ಗರ್ಭ ಹೆಚ್ಚುಕಡಿಮೆ 63 ದಿನ. ಆ ಲೆಕ್ಕ ಹಿಡಿದರೆ ಮರಿಗಳು ಕಣ್ಣುಮುಚ್ಚಿ ಭೂಮಿಗೆ ಬೀಳುವುದು ಕಾರ್ತಿಕದಲ್ಲಿ, ಕೆಲವು ಬೇಗನೆ ಆಶ್ವೀಜದಲ್ಲೇ. ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂಥ ಅಡಕೆಯ ಊರಲ್ಲಿ ಯಾರಿಗೂ ಕೈ ಬಿಡುವಿಲ್ಲದ ತಿಂಗಳು ಯಾವುದೆಂದು ಕೇಳಿದರೂ ಉತ್ತರ ಅದೇ.

ಮಳೆ ಹಿಂದಾಗುತ್ತಿದ್ದಂತೆ ಪಾಚಿಗಟ್ಟಿದ ಅಂಗಳ ಕೆತ್ತಬೇಕು. ಹುಲ್ಲು ಕಿತ್ತು, ಮಣ್ಣು ಹಾಕಿ ಬಡಿದು, ಸಗಣಿ ಬಳಿದು, ಅಡಕೆ ಹರವಲು ಹದ ಮಾಡಬೇಕು. ಚಪ್ಪರಕ್ಕೆ ಕಂಬ ನೆಡಬೇಕು. ಕೊಳೆ ರೋಗಕ್ಕೆ ಉದುರಿದ್ದನ್ನು ತೋಟದಲ್ಲಿ ಹೆಕ್ಕಿ ಮುಗಿಸಬೇಕು. ಸೊಪ್ಪಿನ ಬೆಟ್ಟದಲ್ಲಿ ಕರಡ ಬಲಿಯುತ್ತದೆ, ಅದನ್ನು ಕೊಯ್ದು ಒಟ್ಟದಿದ್ದರೆ ಬೇಸಗೆಯಲ್ಲಿ ದನಕ್ಕೆ ಮೇವಿಲ್ಲ. ರಾಶಿ ಅಡಕೆ ಮಾಡುವವರಿಗೆ ಕಾಯಿ ಹಸಿಯಿರುವಾಗಲೇ ಮೊದಲ ಕೊಯ್ಲಾಗಬೇಕು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಯಾವತ್ತು ಬರುತ್ತಾನೆನ್ನುವುದು ಅವನಿಗೆ ಬಿಟ್ಟ ವಿಷಯ. ಮರ ಹತ್ತುವವರು ಇಷ್ಟು ಕಡಿಮೆಯಾದ ಮೇಲೆ ಮನೆ ಯಜಮಾನನ ಪಂಚಾಂಗಕ್ಕಿಂತ ಅವನ ಪಂಚಾಂಗ ದೊಡ್ಡದು. ಇದರ ನಡುವೆ ನವರಾತ್ರಿ, ಭೂಮಿ ಹುಣ್ಣಿಮೆ, ಆಮೇಲೆ ದೊಡ್ಡಹಬ್ಬ ಎನ್ನುವ ದೀಪಾವಳಿ, ಅದು ಮುಗಿಯಿತೆನ್ನುವಾಗ ತುಳಸಿ ಮದುವೆ.

ಮಕ್ಕಳಿಗೆ ದಸರಾ ರಜೆಯೂ ಆಗಲೇ. 2025ರಲ್ಲಂತೂ ಸೆಪ್ಟೆಂಬರ್ 20ಕ್ಕೆ ಶುರುವಾದ ರಜೆ, ಶಿಕ್ಷಕರನ್ನು ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಹಚ್ಚಿದ್ದರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ಬೆಳೆಯಿತು. 20ಕ್ಕೆ ನರಕ ಚತುರ್ದಶಿ. ಹೆಚ್ಚುಕಡಿಮೆ ಒಂದು ತಿಂಗಳು ಮಕ್ಕಳು ಮನೆಯಲ್ಲೇ. ದೊಡ್ಡವರಿಗೆ ಅದು ತಲೆನೋವು. ಆದರೆ ಆ ವರ್ಷದ ನಾಯಿಮರಿಗಳ ಮಟ್ಟಿಗೆ ಸರಕಾರದ ಆ ಆದೇಶ ಅನುಕೂಲವಾಗಿಯೇ ಬಂತು.

ಮತ್ತಿಘಟ್ಟದ ನನ್ನ ಅಕ್ಕನ ಮನೆಯಲ್ಲಿ ಕಾಳಿ ಎಂಬ ಹೆಣ್ಣುನಾಯಿ ಇದೆ. ಜಾತಿ ನಾಯಿಯಲ್ಲ, ಊರನಾಯಿ. ದಿನ ತುಂಬಿದಾಗ ಅದು ಊಟಕ್ಕೆ ಬರದೆ ಕಾಣೆಯಾಯಿತು. ಅಕ್ಕನ ಮಕ್ಕಳಿಬ್ಬರು, ರಜೆಗೆಂದು ಬೆಂಗಳೂರಿಂದ ಬಂದಿದ್ದ ಇನ್ನೊಬ್ಬ ಮಾಣಿ ಸೇರಿ ಹುಡುಕಿದರು. ಹುಲ್ಲುಗೊಣವೆ, ದರಕಿನ ಕೊಟ್ಟಿಗೆ ಎಲ್ಲ ನೋಡಿಯಾದ ಮೇಲೆ, ಬಚ್ಚಲಿನ ಹಿಂದಿನ ಸೌದೆ ರಾಶಿಯ ಸಂದಿಯಲ್ಲಿ ಕುಂಯ್ ಎನ್ನುವ ಸದ್ದು ಕೇಳಿತು. ಸುದ್ದಿ ಒಳಗೆ ಮುಟ್ಟಿದ ಕೂಡಲೇ ಅಕ್ಕನ ಅತ್ತೆ ಎದ್ದು ಬಂದರು.

“ಮುಟ್ಟಡಿ, ಮುಟ್ಟಡಿ! ಮುಟ್ಟಿರೆ ಅದು ಮರಿ ಕಚ್ಕಂಡು ಬೇರೆ ಬದಿಗೆ ಹೋಗ್ತು.”

“ಎಷ್ಟಿದ್ದು ಹೇಳಿ ನೋಡ್ತ್ಯ ಅಷ್ಟೇಯ, ಮುಟ್ತ್ವಿಲ್ಲೆ,” ಎಂದ ಸಣ್ಣವನು, ಅಷ್ಟರಲ್ಲಿ ಭುಜದವರೆಗೆ ಕೈ ಒಳಗೆ ಹಾಕಿಯಾಗಿತ್ತು.

ಐದು ಮರಿ. ಮೂರು ಹೆಣ್ಣು, ಎರಡು ಗಂಡು. ಅಕ್ಕ ಸಗಣಿ ಕೈಯಲ್ಲೇ ಬಂದು ನೋಡಿದಳು. “ಕೊನೆಗೌಡ ನಾಳೆ ಬತ್ತ. ಅಂಗಳ ಇನ್ನೂ ಆಜಿಲ್ಲೆ. ಈಗ ಇದ್ರ ಬಾಣಂತನ ಬೇರೆ!”

ಬಾಣಂತನ ಎಂದದ್ದು ತಮಾಷೆಗಲ್ಲ. ಮರಿಗಳಿಗೆ ಮೂರು ನಾಲ್ಕು ವಾರ ತುಂಬುವ ಹೊತ್ತಿಗೆ ಹಾಲೂಡುವ ನಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕು. ಹವ್ಯಕರ ಮನೆಯಲ್ಲಿ ನಾಯಿಗೆ ಸಿಗುವುದು ಅನ್ನ, ಮಜ್ಜಿಗೆ, ಉಳಿದ ತೆಳ್ಳೇವು. ಅಷ್ಟರಲ್ಲಿ ಐದು ಮರಿಗೆ ಹಾಲೂಡಿದ ನಾಯಿಯ ಪಕ್ಕೆಲುಬು ಎಣಿಸಬಹುದು. ಅಡುಗೆಮನೆಯ ಮಡಿಗೂ ನಾಯಿಯ ಹೊಟ್ಟೆಗೂ ಆಗಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಕೊನೆಗೌಡ ಬಂದ ದಿನ ಪೇಪರಿನಲ್ಲಿ ಸುತ್ತಿದ ಒಣಮೀನು ತಂದು ಸೌದೆರಾಶಿಯ ಆಚೆ ಇಟ್ಟ. ಅದನ್ನು ಕಂಡೂ ಕಾಣದಂತೆ ಅತ್ತೆ ಒಳಗೆ ಹೋದರು. ಮೊಟ್ಟೆಯ ಸಿಪ್ಪೆ ಕೂಡ ಗೊಬ್ಬರಗುಂಡಿಯಲ್ಲಿ ಕಂಡದ್ದುಂಟು. ಅದು ಹೇಗೆ ಬಂತೆಂದು ಆ ಮನೆಯಲ್ಲಿ ಇವತ್ತಿಗೂ ವಿಚಾರಣೆಯಾಗಿಲ್ಲ.

ಮರಿ ಸಾಕುವುದು ಹಳ್ಳಿಯಲ್ಲಿ ಮಕ್ಕಳ ಕೆಲಸ. ಹಾಗೆಂದು ಯಾರೂ ಹಂಚಿಕೊಟ್ಟದ್ದಲ್ಲ, ಉಳಿದವರಿಗೆ ಪುರುಸೊತ್ತಿಲ್ಲದ್ದರಿಂದ ಅವರ ಪಾಲಿಗೆ ಬಂದದ್ದು. ಗೋಣಿ ಹಾಸುವುದು, ಮಳೆ ಹನಿ ಬಿದ್ದರೆ ಒಳಗೆ ಸಾಗಿಸುವುದು, ತಾಯಿ ತೋಟಕ್ಕೆ ಹೋದಾಗ ಕಾಗೆ ಹದ್ದು ಕಾಯುವುದು. ಇದು ಆಟದಂತೆ ಕಾಣುತ್ತದೆ. ಆದರೆ ಈ ಆಟವಾಡುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಅವರ ತಂಡ ಪಶ್ಚಿಮ ಬಂಗಾಳದ ಬೀದಿನಾಯಿಗಳ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿ ನೋಡಿತು. ಏಳು ತಿಂಗಳವರೆಗೆ ಬದುಕಿ ಉಳಿದವು ಶೇ 19 ಮಾತ್ರ. ಸತ್ತವುಗಳಲ್ಲಿ ಹೆಚ್ಚಿನವುಗಳ ಸಾವಿನ ಹಿಂದೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯನ ಕೈಯಿತ್ತು ಎಂದು 2016ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಇಷ್ಟಾದರೂ ಹೆರಿಗೆಗೆ ನಾಯಿ ಹುಡುಕುವುದು ಮನುಷ್ಯರ ಮನೆಯ ಹತ್ತಿರದ ಜಾಗವನ್ನೇ. ಕಾಳಿ ಬೆಟ್ಟಕ್ಕೆ ಹೋಗಿ ಮರಿ ಹಾಕಬಹುದಿತ್ತು. ಬಚ್ಚಲ ಒಲೆಯ ಬಿಸಿ ತಾಗುವ ಗೋಡೆಯನ್ನೇ ಆರಿಸಿಕೊಂಡಿತು.

ಹುಟ್ಟಿ ಎರಡು ವಾರಕ್ಕೆ ಮರಿ ಕಣ್ಣು ಬಿಡುತ್ತದೆ. ಮೂರನೇ ವಾರಕ್ಕೆ ತಡವರಿಸುತ್ತ ನಡೆಯುತ್ತದೆ, ಹಾಲುಹಲ್ಲು ಮೂಡುತ್ತದೆ. ಅಲ್ಲಿಂದ ಮುಂದಿನ ಎರಡು ತಿಂಗಳಿನ ಬಗ್ಗೆ ಒಂದು ಮಾತು ಹೇಳಬೇಕು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಬೆಳೆಸಿ ನೋಡಿ 1965ರಲ್ಲಿ ಪುಸ್ತಕ ಬರೆದರು. ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದೊಳಗೆ ಮನುಷ್ಯರ ಒಡನಾಟ ಸಿಕ್ಕ ಮರಿ ಮನುಷ್ಯರನ್ನು ತನ್ನವರೆಂದು ತಿಳಿಯುತ್ತದೆ. ಆ ಕಾಲ ದಾಟಿದರೆ ಅಂಜಿಕೆ ಬಿಡಿಸುವುದು ಕಷ್ಟ. ಅಂಜುವ ನಾಯಿಯೇ ಮುಂದೆ ಕಚ್ಚುವ ನಾಯಿ.

ಆ ವಾರಗಳನ್ನು ಮತ್ತಿಘಟ್ಟದ ಅಂಗಳಕ್ಕೆ ತಂದು ಹಚ್ಚಿ ನೋಡಿ. ವರ್ಷವಿಡೀ ನಾಲ್ಕು ಮುಖ ಕಾಣುವ ಒಂಟಿಮನೆಯ ಅಂಗಳಕ್ಕೆ ಕೊಯ್ಲಿನ ಹೊತ್ತಿನಲ್ಲಿ ಊರೇ ಬರುತ್ತದೆ. ಕೊನೆಗೌಡ, ಅವನು ಇಳಿಸಿದ ಕೊನೆ ಹಿಡಿಯುವವ, ಹೊರುವವರು, ಮೆಟ್ಟುಗತ್ತಿ ಹಿಡಿದು ಸುಲಿಯಲು ಕೂರುವ ಹೆಂಗಸರು, ಅವರ ಮಡಿಲ ಮಕ್ಕಳು, ಯಂತ್ರ ಬಂದ ಮೇಲೆ ಯಂತ್ರದ ಹುಡುಗ. ರಾತ್ರಿ ಊಟವಾದ ಮೇಲೂ ದೀಪದ ಕೆಳಗೆ ಸುಲಿತ, ಹರಟೆ. ಮರಿಗಳು ಎಲ್ಲರ ಕಾಲಸಂದಿ ಹೊಕ್ಕು, ಸಿಪ್ಪೆರಾಶಿಯಲ್ಲಿ ಹೊರಳಿ, ಒಬ್ಬರ ಸೆರಗು ಇನ್ನೊಬ್ಬರ ಚಪ್ಪಲಿ ಎಳೆದು, ನಾಲ್ಕು ಬೈಗುಳ ತಿಂದು ಬೆಳೆಯುತ್ತವೆ. ಸ್ಕಾಟ್, ಫುಲ್ಲರ್ ಪ್ರಯೋಗಾಲಯದಲ್ಲಿ ಏನನ್ನು ಏರ್ಪಾಡು ಮಾಡಬೇಕಾಯಿತೋ ಅದು ಇಲ್ಲಿ ಅಡಕೆಯ ಕೂಲಿಯ ಜತೆಗೆ ಪುಕ್ಕಟೆ ಬರುತ್ತದೆ. ಕೊಯ್ಲಿನ ಅಂಗಳದಲ್ಲಿ ಬೆಳೆದ ನಾಯಿ ಮನುಷ್ಯರಿಗೆ ಬಾಲ ಅಲ್ಲಾಡಿಸಿ ಮಂಗಕ್ಕೆ ಬೊಗಳುವುದನ್ನು ಕಲಿಯುತ್ತದೆ. ತೋಟದ ಮನೆಗೆ ಬೇಕಾದ ನಾಯಿ ಅದೇ. ಮಂಗನ ಹಿಂಡು ಎಳೆಯ ಅಡಕೆ ಕಚ್ಚಿ ಬಿಸುಟು ಹೋಗುವುದನ್ನು ಕಂಡವರಿಗೆ ನಾಯಿಯ ಬೆಲೆ ವಿವರಿಸಬೇಕಾಗಿಲ್ಲ.

ಹಾಗೆಂದು ಎಲ್ಲವೂ ಚೆಂದವಲ್ಲ. ಹದ ಮಾಡಿದ ಅಂಗಳವನ್ನು ಮರಿಗಳು ಒಂದೇ ಮಧ್ಯಾಹ್ನ ಕೆದರಿ ಗುಂಡಿ ಮಾಡಿದವು. ಹರವಿದ ಅಡಕೆಯ ಮೇಲೆ ಕಾಲೆತ್ತುವ ವಯಸ್ಸು ಇನ್ನೂ ಬಂದಿರಲಿಲ್ಲ, ಕುಳಿತೇ ಮುಗಿಸಿದವು. ಬೇಯಿಸುವ ಹಂಡೆಯ ಒಲೆಯ ಬಿಸಿಬೂದಿಯಲ್ಲಿ ಮಲಗುವ ಚಟ ಒಂದಕ್ಕೆ ಹತ್ತಿತು. ಕುದಿಯುವ ಚೊಗರಿನ ಪಕ್ಕ ಮರಿ ಮಲಗಿರುವುದನ್ನು ಕಂಡ ಭಾವ ಅಲ್ಲಿಗೊಂದು ಬೇಲಿ ಕಟ್ಟಿದರು.

ಹಸಿ ಅಡಕೆ ಅಗಿದ ಮರಿಯೊಂದು ಜೊಲ್ಲು ಸುರಿಸಿ, ವಾಂತಿ ಮಾಡಿ, ಒಂದು ಹಗಲು ಬಿದ್ದುಕೊಂಡಿತು. ಅಡಕೆಯಲ್ಲಿರುವ ಅರೆಕೋಲಿನ್ ಎಂಬ ಸಸ್ಯಕ್ಷಾರದ ಮಹಿಮೆ ಅದು. ಇದಕ್ಕೊಂದು ದೂರದ ಕತೆಯಿದೆ. ನಾಯಿಯ ಕರುಳಿನಲ್ಲಿರುವ ಪುಟ್ಟ ಲಾಡಿಹುಳದ ಮೊಟ್ಟೆ ಮನುಷ್ಯರ ಹೊಟ್ಟೆಗೆ ಹೋದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆ ಬೆಳೆಯುತ್ತದೆ. ಕುರಿ ಸಾಕುವ ನ್ಯೂಜಿಲೆಂಡಿನಲ್ಲಿ ಇದು ದೊಡ್ಡ ಪಿಡುಗಾಗಿ 1959ರಲ್ಲಿ ಅದಕ್ಕೆಂದೇ ಕಾಯಿದೆ ಬಂತು. ಊರ ನಾಯಿಗಳನ್ನೆಲ್ಲ ಒಂದೆಡೆ ಸಾಲಾಗಿ ಕಟ್ಟಿ ಅರೆಕೋಲಿನ್ ಕುಡಿಸಿ ಭೇದಿ ಮಾಡಿಸಿ ಹುಳ ಇದೆಯೇ ಎಂದು ನೋಡುತ್ತಿದ್ದರು. ನಮ್ಮ ಬೆಳೆಯ ಸತ್ವ ಅಲ್ಲಿ ನಾಯಿಯ ಜುಲಾಬು. ಹಾಗೆಂದು ಮರಿಗೆ ಅಡಕೆ ಹೋಳು ತಿನ್ನಿಸಲು ಹೊರಡುವುದು ಬೇಡ. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಅದರಲ್ಲಿ ಬಹಳ ಸಣ್ಣದು. ಅದಕ್ಕಿಂತ ಸುಲಭದ, ಅಪಾಯವಿಲ್ಲದ ಜಂತುಹುಳದ ಔಷಧ ಈಗ ಸಿಗುತ್ತದೆ, ಎರಡು ವಾರದ ಮರಿಗೂ ಕೊಡಬಹುದು. ಕೊಡಲೇಬೇಕು ಕೂಡ. ತಾಯಿಯಿಂದಲೇ ಹುಳ ಹೊತ್ತು ಬರುವ ಮರಿಗಳು, ಬರಿಗಾಲಲ್ಲಿ ಓಡಾಡುವ ಮಕ್ಕಳು, ಒಂದೇ ಅಂಗಳ.

ದೊಡ್ಡಹಬ್ಬ ಬಂತು. ಬೂರೆ ನೀರು ತುಂಬಿ, ಬಲೀಂದ್ರನನ್ನು ಕೂರಿಸಿ, ಮೂರನೆಯ ದಿನ ಗೋಪೂಜೆ. ಹಿಂದಿನ ರಾತ್ರಿಯೇ ಮಕ್ಕಳು ಕೂತು ದನಗಳಿಗೆ ಅಡಕೆ ಸರ ಪೋಣಿಸುತ್ತಾರೆ. ಬೆಳಗ್ಗೆ ಮೈತೊಳೆದ ದನಗಳ ಮೈಮೇಲೆ ಶೇಡಿ, ಕೆಮ್ಮಣ್ಣಿನ ಮುದ್ರೆ. ಹಿಮಾಲಯದ ಮಡಿಲಿನ ನೇಪಾಳದಲ್ಲಿ ಇದೇ ಹಬ್ಬದ ಎರಡನೆಯ ದಿನ ನಾಯಿಗಳಿಗೆ ಮೀಸಲು. ಕುಕುರ್ ತಿಹಾರ್ ಎಂದು ಕರೆದು ನಾಯಿಯ ಹಣೆಗೆ ತಿಲಕವಿಟ್ಟು, ಗೊಂಡೆಹೂವಿನ ಮಾಲೆ ಹಾಕಿ, ಒಳ್ಳೆಯ ಊಟ ಹಾಕುತ್ತಾರೆ. ಬೆಂಗಳೂರಿನ ಮಾಣಿ ಇದರ ವಿಡಿಯೊ ನೋಡಿದ್ದವನು. ಗೋಪೂಜೆಗೆ ತಂದ ಗೊಂಡೆ ಹೂವಿನಲ್ಲಿ ಎರಡು ಮಾಲೆ ಕಡಿಮೆ ಬಂದದ್ದಕ್ಕೆ ಕಾರಣ ಹುಡುಕಿದರೆ ಕಾಳಿಯ ಕೊರಳಲ್ಲಿ ಒಂದು, ಮರಿಯ ಬಾಯಲ್ಲಿ ಇನ್ನೊಂದು. ಅಕ್ಕನ ಮಾವ ಬೈಯಲಿಲ್ಲ. ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿಲ್ಲವೇ ಎಂದು ತಾವೇ ಸಮಾಧಾನ ಹೇಳಿಕೊಂಡರು. ಸಂಜೆ ಪಟಾಕಿ ಸಿಡಿದಾಗ ಮಾತ್ರ ಮಾಲೆ ಹಾಕಿಕೊಂಡ ನಾಯಿ ಭತ್ತದ ಕಣಜದ ಹಿಂದೆ ಹೋಗಿ ನಡುಗುತ್ತ ಕೂತಿತು. ಮಾಲೆ ಹಾಕುವುದಕ್ಕಿಂತ ಪಟಾಕಿ ಹೊಡೆಯದಿರುವುದು ನಾಯಿಗೆ ಹೆಚ್ಚು ಬೇಕಾದ ಗೌರವ ಎಂದು ನನಗನಿಸಿತು. ಹೇಳಲು ಹೋಗಲಿಲ್ಲ, ಪಟಾಕಿ ತಂದವನು ನಾನೇ ಕರೆದುಕೊಂಡು ಬಂದಿದ್ದ ಮಾಣಿ.

ಶಾಲೆ ಮತ್ತೆ ಶುರುವಾದ ಮೇಲಿನ ಬೆಳಗು ನೋಡಬೇಕು. ಅಕ್ಕ ಐದಕ್ಕೆ ಎದ್ದು ಕೊಟ್ಟಿಗೆಗೆ. ಭಾವ ಹಂಡೆಯ ಒಲೆಗೆ. ಅತ್ತೆ ತೆಳ್ಳೇವು ಎರೆಯುತ್ತ, ಜೋನಿಬೆಲ್ಲದ ಗಿಂಡಿ ಮುಂದೆ ತಳ್ಳುತ್ತ, ಬಸ್ಸಿನ ಹಾರನ್ನು ಕೇಳಿತೇ ಎಂದು ಕಿವಿಗೊಡುತ್ತ. ಮಗಳ ಒಂದು ಸಾಕ್ಸು ಮರಿಗಳ ಗೋಣಿಯಲ್ಲಿ. ಮಗನ ಸಮವಸ್ತ್ರದ ಮೇಲೆ ಹೆಜ್ಜೆ ಗುರುತು. ಮಕ್ಕಳು ಬಸ್ಸಿಗೆ ಓಡಿದರೆ ಹಿಂದೆ ಐದೂ ಮರಿ ಓಡುತ್ತವೆ, ಅವನ್ನು ಹಿಡಿದು ತರಲು ಮಾವ ಕೋಲೂರಿಕೊಂಡು ದಣಪೆಯವರೆಗೆ ಹೋಗುತ್ತಾರೆ. ಅವರಿಗೆ ಬೆಳಗಿನ ವಾಯುವಿಹಾರ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದು ಹೀಗೆ ಸಾಧ್ಯವಾಯಿತು. ಅಂದಹಾಗೆ ಈ ಬಸ್ಸಿಗೆ ಹತ್ತುವ ಮಕ್ಕಳು ಈಗ ಬೆರಳೆಣಿಕೆಯಷ್ಟು. ಓದಿದವರು ಬೆಂಗಳೂರಿಗೆ ಹೋಗಿ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳು ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂದೊಂದು ಕೇರಿಯಲ್ಲೂ ಇವೆ. ಅಂಥ ಮನೆಗಳಲ್ಲಿ ನಾಯಿ ಇರುತ್ತದೆ, ಆದರೆ ಸರಪಳಿಯಲ್ಲಿ. ಬಿಟ್ಟು ಆಡಿಸುವವರಿಲ್ಲದೆ ಬೆಳೆದ ನಾಯಿ ಹೊಸಬರನ್ನು ಕಂಡರೆ ಎಗರುತ್ತದೆ, ಎಗರುತ್ತದೆಂದು ಮತ್ತೆ ಕಟ್ಟುತ್ತಾರೆ. ನಾಯಿ ಜೋರು ಎಂದು ಗೇಟಿನ ಮೇಲೆ ಬರೆಯುವ ಮೊದಲು ಆ ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳಬೇಕು.

ಮಕ್ಕಳು ಮತ್ತು ಮರಿ ಒಟ್ಟಿಗೆ ಬೆಳೆಯಲಿ ಎನ್ನುವವರು ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ಶೇ 99ರಷ್ಟು ನಾಯಿಯಿಂದ ಬಂದದ್ದು, ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇ 40ರಷ್ಟು 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮರಿ ಕಚ್ಚಿದರೂ ಕಚ್ಚಿದ್ದೇ. ಆಟದಲ್ಲಿ ಹಲ್ಲು ತಾಗಿ ಗೀರಿದರೂ ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಸಿನ ಮೆತ್ತಿ ಮನೆಯಲ್ಲಿ ಕೂರುವುದಲ್ಲ. ಲೂಯಿ ಪಾಸ್ಚರ್ ತೀರಿಕೊಂಡ ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಪಶು ಆಸ್ಪತ್ರೆಗಳ ಉಚಿತ ಲಸಿಕೆ ಶಿಬಿರಗಳು ಸಾಮಾನ್ಯವಾಗಿ ಆ ದಿನದ ಆಸುಪಾಸಿನಲ್ಲೇ. ಇಲ್ಲೊಂದು ತೊಡಕಿದೆ. ನಮ್ಮ ಮರಿಗಳು ಹುಟ್ಟುವುದು ಅಕ್ಟೋಬರ್ ನವೆಂಬರಿನಲ್ಲಿ, ರೇಬಿಸ್ ಲಸಿಕೆ ಹಾಕಿಸುವ ಮೂರು ತಿಂಗಳು ತುಂಬುವುದು ಜನವರಿ ಫೆಬ್ರುವರಿಗೆ. ಆಗ ಬ್ಯಾನರು ಇಲ್ಲ, ಶಿಬಿರವೂ ಇಲ್ಲ. ಮುಂದಿನ ಸೆಪ್ಟೆಂಬರಿನವರೆಗೆ, ಎಲ್ಲ ಮಕ್ಕಳ ಮಡಿಲಲ್ಲಿ ಆಡುವ ಆ ಮರಿಗೆ ಲಸಿಕೆಯಿಲ್ಲ. ಮಲೆನಾಡಿನ ತಾಲ್ಲೂಕುಗಳಲ್ಲಿ ಸಂಕ್ರಾಂತಿಯ ಸುಮಾರಿಗೆ ಇನ್ನೊಂದು ಶಿಬಿರ ಇಟ್ಟರೆ ಖರ್ಚಿಗಿಂತ ಪ್ರಯೋಜನವೇ ಹೆಚ್ಚು. ಕೊಯ್ಲಿನ ಅಂಗಳಕ್ಕೇ ಬಂದರಂತೂ ಊರಿನ ಮರಿಗಳೆಲ್ಲ ಒಂದೇ ಕಡೆ ಸಿಗುತ್ತವೆ.

ಉಣುಗಿನ ಮಾತೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ 2024ರ ಆರಂಭದಲ್ಲೂ ಸಿದ್ದಾಪುರದ ಹಳ್ಳಿಗಳನ್ನು ಕಾಡಿತು. ಮಳೆ ನಿಂತು ದರಕು ಒಣಗಿದ ಮೇಲೆ ಎಳೆಯ ಉಣುಗುಗಳು ಏಳುತ್ತವೆ, ಬೆಟ್ಟ ಸುತ್ತಿದ ನಾಯಿಯ ಕಿವಿಯಲ್ಲಿ ಕುಳಿತು ಮನೆಗೂ ಬರುತ್ತವೆ. ಅಕ್ಕನ ಮಗಳು ಸಂಜೆ ಬಸ್ಸಿಳಿದು ಮಾಡುವ ಮೊದಲ ಕೆಲಸ ಕಾಳಿಯ ಕಿವಿ ಮಡಚಿ ನೋಡುವುದು. ಹೋಂವರ್ಕ್ ಆಮೇಲೆ.

ಕಾರ್ತಿಕದ ಕೊನೆಗೆ ಮರಿಗಳು ನಾಲ್ಕಾದವು. ಬೆಳಗಿನ ಜಾವ ನಾಯಿ ಒಂದೇ ಸಮ ಬೊಗಳಿತು, ಹಗಲಾದಾಗ ಅಂಗಳದಂಚಿನ ಹಸಿಮಣ್ಣಲ್ಲಿ ಚಿರತೆಯ ಹೆಜ್ಜೆ. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ, ಅದು ತಿಂದ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯೇ ಆಗಿತ್ತು. ಘಟ್ಟದ ಮೇಲಿನವರಿಗೆ ಇದು ಸುದ್ದಿಯಲ್ಲ. ಮೊದಲೇ ಮರಿಗಳನ್ನು ರಾತ್ರಿ ಕೊಟ್ಟಿಗೆಯೊಳಗೆ ಕೂಡಬೇಕಿತ್ತು ಎಂದು ಎಲ್ಲರೂ ಹೇಳಿದರು, ಅಂದಿನಿಂದ ಕೂಡಿದರು. ಸಣ್ಣವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಉಳಿದ ನಾಲ್ಕರಲ್ಲಿ ಗಂಡು ಎರಡಕ್ಕೆ ಕಣ್ಣು ಬಿಟ್ಟಾಗಲೇ ಗಿರಾಕಿ ಗೊತ್ತಾಗಿತ್ತು. ಒಂದು ಕೊನೆಗೌಡನಿಗೆ, ಇನ್ನೊಂದು ಸುಲಿಯಲು ಬರುವ ಹೆಂಗಸಿನ ಮನೆಗೆ. ಹೆಣ್ಣು ಎರಡನ್ನು ಕೇಳುವವರಿಲ್ಲ. ಇಡೀ ಸೀಮೆಯಲ್ಲಿ ಇದು ಹೀಗೇ. ಹೆಣ್ಣು ಮರಿಯಾದರೆ ವರ್ಷ ವರ್ಷ ಬಾಣಂತನ ಎಂದು ಗೋಣಿಚೀಲದಲ್ಲಿ ತುಂಬಿ ಪೇಟೆಯ ಹೊರಗಿನ ರಸ್ತೆಗೋ ಕಾಡಿನ ತಿರುವಿಗೋ ಬಿಟ್ಟು ಬರುತ್ತಾರೆ. ಒಳ್ಳೆಯ ಮನೆಗಳವರೇ. ಪೇಟೆಯಲ್ಲಿ ಬೀದಿನಾಯಿ ಹೆಚ್ಚಾಯಿತೆಂದು ಪೇಪರಿನಲ್ಲಿ ಓದಿ ತಲೆ ಕೊಡವುವವರೂ ಅವರೇ. ಸುಪ್ರೀಂ ಕೋರ್ಟು 2025ರ ಆಗಸ್ಟಿನಿಂದ ನವೆಂಬರಿನವರೆಗೆ ಬೀದಿನಾಯಿಗಳ ಬಗ್ಗೆ ಆದೇಶದ ಮೇಲೆ ಆದೇಶ ಕೊಟ್ಟಿತು. ದೇಶವೆಲ್ಲ ಚರ್ಚೆ ಮಾಡಿತು. ಆ ಚರ್ಚೆಯಲ್ಲಿ ಗೋಣಿಚೀಲದ ಮಾತು ಬರಲಿಲ್ಲ.

ಅಕ್ಕನ ಮನೆಯಲ್ಲಿಯೂ ಗೋಣಿಚೀಲದ ಪ್ರಸ್ತಾಪ ಬಂತು. ಮಗಳು, ಏಳನೇ ತರಗತಿ, ಜಗಲಿಯ ಕಂಬಕ್ಕೆ ಒರಗಿ ನಿಂತು ಬೇಡ ಎಂದಳು. ಎರಡೂ ಇಲ್ಲೇ ಇರಲಿ, ಕಾಳಿಗೂ ಮರಿಗಳಿಗೂ ಆಪರೇಷನ್ ಮಾಡಿಸುವ, ಮರಿ ಹಾಲು ಬಿಟ್ಟ ಮೇಲೆ ತಾಯಿಗೆ ಮಾಡಬಹುದಂತೆ, ಟೀಚರ್ ಹೇಳಿದ್ದಾರೆ ಎಂದು ವಾದ. ಸೊಸೈಟಿಯ ಕ್ಯಾಲೆಂಡರಿನಲ್ಲಿ ಜನವರಿಯ ಹಾಳೆ ತೆಗೆದು ಒಂದು ಶನಿವಾರಕ್ಕೆ ಪೆನ್ನಿನಿಂದ ಸುತ್ತು ಹಾಕಿ “ಕುನ್ನಿ ಇಂಜೆಕ್ಷನ್” ಎಂದು ಬರೆದೂ ಆಯಿತು. ಭಾವ ಕನ್ನಡಕ ಏರಿಸಿ ನೋಡಿದರು.

“ಆ ವಾರ ಎರಡ್ನೇ ಕೊಯ್ಲು ಇದ್ದು. ಜೀಪು ಸಿಗ್ತಿಲ್ಲೆ.”

“ಹಂಗಾರೆ ಸ್ಕೂಟರ್ ಮೇಲೆ ಬುಟ್ಟಿಲಿ ಇಟ್ಕಂಡು ಹೋಪನ ಅಪ್ಪಯ್ಯ.”

“ಬುಟ್ಟಿ ಅಡಕೆಗೆ ಬೇಕು,” ಎಂದರು ಭಾವ. ಆದರೆ ಕ್ಯಾಲೆಂಡರಿನ ಸುತ್ತು ಅಳಿಸಲಿಲ್ಲ.